ಅಳತೆಯಿಲ್ಲದ ಪಾಕವಿಧಾನ ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರೇ,

ಇತ್ತೀಚಿನ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಮ್ಯಾನ್ಹಟನ್ ಕಾಕ್‌ಟೇಲ್ ಮಾಡುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ರೈ ಎಂಬ ಧಾನ್ಯದ ವಿಸ್ಕಿಯಿಂದ ಮಾಡುವ ಈ ಹಳೆಯ ಪಾನೀಯಕ್ಕೆ ಕನ್ನಡ ಪತ್ರಿಕೆ ಇಷ್ಟು ಜಾಗ ಕೊಟ್ಟದ್ದು ಕಂಡು ಸಂತೋಷಪಟ್ಟೆ. ಓದುತ್ತ ಹೋದಂತೆ ಸಂಕಟವಾಯಿತು. ಎರಡು ಪೆಗ್ ವಿಸ್ಕಿ, ಸ್ವಲ್ಪ ವರ್ಮೂತ್ (ಗಿಡಮೂಲಿಕೆ ಸೇರಿಸಿದ ವೈನ್), ರುಚಿಗೆ ತಕ್ಕಷ್ಟು ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ) ಶೇಕರಿಗೆ ಹಾಕಿ ಚೆನ್ನಾಗಿ ಕುಲುಕಬೇಕಂತೆ. ದೊಡ್ಡ ಗ್ಲಾಸಿಗೆ ಸುರಿದು, ಮೇಲೆ ಸೋಡಾ ತುಂಬಿ, ಚೆರ್ರಿ ಇಡಬೇಕಂತೆ. ರೆಸಿಡೆನ್ಸಿ ರಸ್ತೆಯ ಹೋಟೆಲೊಂದರ ಬಾರ್ ಕೌಂಟರಿನ ಹಿಂದೆ ನಿಂತು ನಿವೃತ್ತಿಯವರೆಗೂ ದುಡಿದವನು ನಾನು. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲ ಸಾಲಿನಲ್ಲೇ ಅಪಾಯವಿದೆ. ನಮ್ಮ ಊರಿನ ಬಾರುಗಳಲ್ಲಿ ಸ್ಮಾಲ್ ಪೆಗ್ 30 ಮಿ.ಲೀ., ಲಾರ್ಜ್ 60. ನಿಮ್ಮ ಬರಹ ಯಾವುದೆಂದು ಹೇಳಿಲ್ಲ. ಒಬ್ಬ ಓದುಗ 60 ಮಿ.ಲೀ. ಹಾಕುತ್ತಾನೆ, ಇನ್ನೊಬ್ಬ 120 ಸುರಿಯುತ್ತಾನೆ, ಇಬ್ಬರೂ ಪತ್ರಿಕೆ ಹೇಳಿದಂತೆಯೇ ಮಾಡಿರುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಶೇ 45ರ ರೈ ವಿಸ್ಕಿ 60 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 27 ಮಿ.ಲೀ. ಶೇ 16ರ ವರ್ಮೂತ್ 30 ಮಿ.ಲೀ.ಯಲ್ಲಿ ಸುಮಾರು 5. ಒಟ್ಟು 32. ನಮ್ಮ ಅಂಗಡಿಗಳಲ್ಲಿ ಸಿಗುವ ಶೇ 42.8ರ ವಿಸ್ಕಿಯ ಕ್ವಾರ್ಟರ್ ಬಾಟಲಿಯಲ್ಲಿ, ಅಂದರೆ 180 ಮಿ.ಲೀ.ಯಲ್ಲಿ, ಇರುವುದು 77. ಸರಿಯಾದ ಅಳತೆಯಲ್ಲಿ ಮಾಡಿದ ಮ್ಯಾನ್ಹಟನ್ ಎರಡು ಗ್ಲಾಸು ಕುಡಿದವನು ಕ್ವಾರ್ಟರಿನ ಐದರಲ್ಲಿ ನಾಲ್ಕು ಪಾಲು ಮುಗಿಸಿದ ಹಾಗಾಯಿತು. 120 ಸುರಿದುಕೊಂಡವನಿಗೆ ಒಂದೇ ಗ್ಲಾಸಿನಲ್ಲಿ ಮುಕ್ಕಾಲು ಕ್ವಾರ್ಟರ್ ಹೊಟ್ಟೆಗೆ ಹೋಯಿತು. ವರ್ಮೂತಿನ ಸಿಹಿ ಮತ್ತು ಸೋಡಾದ ಗುಳ್ಳೆ ಸೇರಿದರೆ ನಾಲಿಗೆಗೆ ಇದರ ಸುಳಿವೇ ಸಿಗುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಮಾಡುವವರಿಗೆ ಈ ಲೆಕ್ಕವನ್ನು ಹೇಳಿಕೊಡಬೇಕಾದದ್ದು ಪತ್ರಿಕೆಯ ಹೊಣೆ.

ಹಳೆಯ ಕ್ರಮ ಇಷ್ಟು: ರೈ ವಿಸ್ಕಿ 60 ಮಿ.ಲೀ., ಸಿಹಿಯಾದ ಕೆಂಪು ವರ್ಮೂತ್ 30 ಮಿ.ಲೀ., ಅಂಗೋಸ್ತುರಾ ಬಿಟರ್ಸ್ ಎರಡು ಚಿಮುಕು. ಐಸಿನ ಜೊತೆ ಕಲಕಿ, ಸೋಸಿ, ಮೊದಲೇ ತಣ್ಣಗೆ ಮಾಡಿಟ್ಟ ಕಾಲಿರುವ ಚಿಕ್ಕ ಗ್ಲಾಸಿಗೆ ಹಾಕುವುದು. ಗ್ಲಾಸಿನಲ್ಲಿ ಐಸ್ ಇರುವುದಿಲ್ಲ. ಸೋಡಾ ಇಲ್ಲವೇ ಇಲ್ಲ. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘ ಒಪ್ಪಿರುವ ಅಳತೆ ಇನ್ನೂ ಕಡಿಮೆ, ವಿಸ್ಕಿ 50, ವರ್ಮೂತ್ 20, ಬಿಟರ್ಸ್ ಒಂದು ಚಿಮುಕು. ಮನೆಗೆ ನಾನು ಹೇಳುವುದು 40ಕ್ಕೆ 20. ಇದರಲ್ಲಿರುವ ಆಲ್ಕೋಹಾಲ್ ಒಂದು ಲಾರ್ಜ್ ವಿಸ್ಕಿಗಿಂತ ಕಡಿಮೆ. ಗ್ಲಾಸಿನಲ್ಲಿ ಬಿಸಿಯೇರುವ ಮೊದಲೇ ಮುಗಿಯುವಷ್ಟು ಪ್ರಮಾಣ. ಅಳೆಯಲು ಜಿಗ್ಗರ್ ಎಂಬ ಬಾರಿನ ಅಳತೆ ಕಪ್ಪು ಇಲ್ಲದಿದ್ದರೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಗುರುತಿನ ಪುಟ್ಟ ಕಪ್ಪನ್ನು ಚೆನ್ನಾಗಿ ತೊಳೆದು ಬಳಸಿ. ಕಣ್ಣಳತೆ ಬೇಡ. ವೃತ್ತಿಯಲ್ಲಿ ಪಳಗಿದವರ ಕಣ್ಣಳತೆಯೂ ಎರಡನೆಯ ಗ್ಲಾಸಿನ ಹೊತ್ತಿಗೆ ಉದಾರವಾಗಿಬಿಡುತ್ತದೆ.

ರೈ ಯಾಕೆ, ಯಾವ ವಿಸ್ಕಿಯಾದರೂ ನಡೆಯುತ್ತದೆ ಎಂದು ನಿಮ್ಮ ಲೇಖಕರು ಬರೆದಿದ್ದಾರೆ. ನಡೆಯುವುದಿಲ್ಲ. ನಮ್ಮ ಬಯಲುಸೀಮೆಯ ಬಡ ಮಣ್ಣಿಗೆ ರಾಗಿ ಹೇಗೋ, ಉತ್ತರ ಯುರೋಪಿನ ಚಳಿಗೆ, ಮರಳು ನೆಲಕ್ಕೆ ರೈ ಹಾಗೆ. ಗೋಧಿ ಕೈಕೊಟ್ಟ ಕಡೆ ಜನರ ಹೊಟ್ಟೆ ತುಂಬಿಸಿದ ಧಾನ್ಯ. ಅಮೆರಿಕಕ್ಕೆ ಹೋದ ವಲಸಿಗರು ಅದನ್ನು ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ಬಿತ್ತಿ ವಿಸ್ಕಿ ಇಳಿಸಿದರು. ಅಲ್ಲಿನ ಕಾನೂನಿನ ಪ್ರಕಾರ ರೈ ವಿಸ್ಕಿಯೆಂದು ಮಾರಬೇಕಾದರೆ ಹುದುಗು ಹಾಕುವ ಧಾನ್ಯದಲ್ಲಿ ಶೇ 51ರಷ್ಟಾದರೂ ರೈ ಇರಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಬೂರ್ಬನ್ ಎಂಬ ಅಲ್ಲಿನ ಇನ್ನೊಂದು ವಿಸ್ಕಿಯಲ್ಲಿ ಅದೇ ಶೇ 51 ಮುಸುಕಿನ ಜೋಳ, ಆದ್ದರಿಂದ ಅದಕ್ಕೆ ಸಿಹಿಯ ಸೆಳೆತ. ರೈಯಲ್ಲಿ ಕಾಳುಮೆಣಸಿನ ಚುರುಕು, ಒಣಗಿದ ಒಂದು ಖಾರ ಇರುತ್ತದೆ. ಸಿಹಿ ವರ್ಮೂತಿನ ಎದುರು ನಿಲ್ಲಬಲ್ಲದ್ದು ಆ ಚುರುಕೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮ್ಯಾನ್ಹಟನ್ ಹುಟ್ಟಿಕೊಂಡಾಗ ಅಮೆರಿಕದ ಆ ಪೂರ್ವ ಭಾಗದಲ್ಲಿ ಜನ ಕುಡಿಯುತ್ತಿದ್ದ ವಿಸ್ಕಿಯೂ ರೈಯೇ. 1920ರಿಂದ 1933ರವರೆಗಿನ ಪಾನನಿಷೇಧದ ಪೆಟ್ಟಿನಿಂದ ಅದು ದಶಕಗಟ್ಟಲೆ ಮೂಲೆಗೆ ಬಿದ್ದಿತ್ತು, ಈ ಶತಮಾನದಲ್ಲಿ ಮತ್ತೆ ಎದ್ದು ಬಂದಿದೆ. 1948ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನದೇ ಅಮೃತ್ ಸಂಸ್ಥೆ ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ, ರೈಯಿಂದ ವಿಸ್ಕಿ ತಯಾರಿಸಿದಾಗ ಈ ಊರಿನ ಹಳೆಯ ಬಾರ್ ಕೆಲಸಗಾರನಾದ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ.

ಹೊರದೇಶದ ರೈ ದುಬಾರಿ, ನಿಜ. ಹಾಗೆಂದು ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ರುಚಿ ಸೇರಿಸಿದ ಅಗ್ಗದ ವಿಸ್ಕಿಯನ್ನು ಇದಕ್ಕೆ ಹಾಕಬೇಡಿ; ಸಿಹಿಯ ಮೇಲೆ ಸಿಹಿ ಬಿದ್ದು ಬಾಯಿ ಅಂಟಂಟಾಗುತ್ತದೆ. ಬೂರ್ಬನ್ ಇದ್ದರೆ ವರ್ಮೂತನ್ನು ತುಸು ಕಡಿಮೆ ಮಾಡಿ ಮಾಡಬಹುದು. ಮನೆಯಲ್ಲಿ ಸ್ಕಾಚ್ ಮಾತ್ರ ಇದ್ದರೆ ಅದರಲ್ಲೇ ಮಾಡಿ, ಬಹಳ ಚೆನ್ನಾಗಿರುತ್ತದೆ. ಅದಕ್ಕೆ ರಾಬ್ ರಾಯ್ ಎಂಬ ತನ್ನದೇ ಹೆಸರಿದೆ, ಅತಿಥಿಗೆ ಆ ಹೆಸರಿನಲ್ಲೇ ಕೊಡಿ.

ಐಸಿನ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಮಾತೂ ಇಲ್ಲ. ಈ ಪಾನೀಯ ಕೆಡುವುದು ಹೆಚ್ಚಾಗಿ ಅಲ್ಲೇ. ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಏನೇನಿರುತ್ತದೆ ನೋಡಿ: ಉಬ್ಬಿದ ದೋಸೆ ಹಿಟ್ಟು, ಹೆಚ್ಚಿಟ್ಟ ಈರುಳ್ಳಿ, ನಾಳಿನ ಪೂಜೆಗೆ ಬಾಳೆ ಎಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ. ಮುಚ್ಚಳವಿಲ್ಲದ ಟ್ರೇಯಲ್ಲಿ ನಾಲ್ಕು ದಿನ ಕುಳಿತ ಐಸ್ ಈ ವಾಸನೆಗಳನ್ನೆಲ್ಲ ಹೀರಿಕೊಂಡಿರುತ್ತದೆ. ಬೆಚ್ಚಗಿನ ಟೀಯಲ್ಲಿ ಗೊತ್ತಾಗದ ವಾಸನೆ, ಇಷ್ಟು ತಣ್ಣನೆಯ, ಇಷ್ಟು ಕಡಿಮೆ ಸಾಮಗ್ರಿಯ ಪಾನೀಯದಲ್ಲಿ ನೇರವಾಗಿ ಮೂಗಿಗೆ ಬಡಿಯುತ್ತದೆ. ಬೋರ್‌ವೆಲ್ ನೀರಾದರಂತೂ ಗಡಸುತನದಿಂದ ಐಸಿಗೇ ಒಂದು ಸುಣ್ಣದ ರುಚಿ. ಫಿಲ್ಟರ್ ಮಾಡಿದ ನೀರನ್ನು ಮುಚ್ಚಳವಿರುವ ಟ್ರೇಯಲ್ಲಿ ಹಾಕಿ, ಹಿಂದಿನ ರಾತ್ರಿಯಷ್ಟೇ ಇಡಿ. ನಮ್ಮ ಮನೆಯಲ್ಲಿ ಮಲ್ಲಿಗೆಗೆ ಕೆಳಗಿನ ಡಬ್ಬಿ, ಐಸಿಗೆ ಮೇಲಿನ ಮೂಲೆ ಎಂದು ನನ್ನ ಮನೆಯವರು ಗಡಿ ಹಾಕಿಕೊಟ್ಟಿದ್ದಾರೆ. ತುಂಡುಗಳು ದೊಡ್ಡದಾಗಿರಲಿ, ಫ್ರೀಜರಿನಿಂದ ಹೊರಗೆ ತೆಗೆದೊಡನೆ ಬಳಸಿ. ತಟ್ಟೆಯಲ್ಲಿ ಹತ್ತು ನಿಮಿಷ ಕುಳಿತು ಮೈಯೆಲ್ಲ ಒದ್ದೆಯಾದ ಐಸ್ ತಂಪು ಕೊಡುವ ಮೊದಲೇ ನೀರು ಕೊಟ್ಟುಬಿಡುತ್ತದೆ.

ಇನ್ನು ಕುಲುಕುವ ಮಾತು. ನಿಂಬೆರಸ, ಹಾಲು, ಮೊಟ್ಟೆಯ ಬಿಳಿ ಇರುವ ಪಾನೀಯಗಳನ್ನು ಕುಲುಕುತ್ತಾರೆ. ಗಾಳಿ ಸೇರಿ ಅವು ಹಗುರಾಗಬೇಕು. ಬರೀ ಮದ್ಯಗಳೇ ಇರುವ ಮ್ಯಾನ್ಹಟನ್ನನ್ನು ಕಲಕುತ್ತಾರೆ. ಕುಲುಕಿದರೆ ಮೇಲೆ ಕೊಳಕು ನೊರೆ, ಒಳಗೆ ಐಸಿನ ಚೂರು, ಬಣ್ಣವೆಲ್ಲ ಮಬ್ಬು. ನನಗೆ ಇದನ್ನು ಕಲಿಸಿದವರು ಕಾಕ್ಸ್ ಟೌನಿನ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರು, ನಮ್ಮ ಬಾರಿನ ಮುಖ್ಯಸ್ಥರು. ಉದ್ದ ಚಮಚದ ಬೆನ್ನು ಗಾಜಿನ ಒಳಗೋಡೆಗೆ ತಾಗಿಕೊಂಡೇ ಸುತ್ತಬೇಕು, ಐಸು ಇಡೀ ಗುಂಪಾಗಿ ಅದರೊಂದಿಗೆ ತಿರುಗಬೇಕು, ಸದ್ದು ಬರಬಾರದು. ಖಣಖಣ ಎಂದರೆ ಐಸ್ ಒಡೆಯುತ್ತಿದೆ ಎಂದರ್ಥ. ಅವರು ನನ್ನತ್ತ ತಿರುಗಿಯೂ ನೋಡದೆ, ಕಿವಿಯಿಂದಲೇ ನನ್ನ ಕೈಯನ್ನು ತಿದ್ದುತ್ತಿದ್ದರು. ಅರ್ಧ ನಿಮಿಷ ಕಲಕಿದರೆ ಪಾತ್ರೆಯ ಹೊರಮೈ ಮೇಲೆ ಕೆಳಗಿನಿಂದ ಬಿಳಿ ಮಂಜು ಏರುತ್ತದೆ. ಬೆರಳು ಇಟ್ಟರೆ ಅಚ್ಚು ಮೂಡುತ್ತದೆ. ಆಗ ನಿಲ್ಲಿಸಿ. ಅಷ್ಟರಲ್ಲಿ ಪಾನೀಯ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿದಿರುತ್ತದೆ. ಆಲ್ಕೋಹಾಲ್ ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. 90 ಮಿ.ಲೀ. ಇದ್ದದ್ದು ಹೆಚ್ಚುಕಡಿಮೆ 115, 120 ಆಗಿರುತ್ತದೆ. ಕರಗಿದ ಆ ನೀರೂ ಒಂದು ಸಾಮಗ್ರಿಯೇ. ಅದಿಲ್ಲದೆ ರೈ ಗಂಟಲು ಕೆರೆಯುತ್ತದೆ, ಅದು ಹೆಚ್ಚಾದರೆ ವರ್ಮೂತಿನ ಗಿಡಮೂಲಿಕೆಯ ಪರಿಮಳ ಕರಗಿ ಹೋಗುತ್ತದೆ. ಕಲಕುವ ಪಾತ್ರೆಗೆ ದಪ್ಪ ಗಾಜಿನ ಜಗ್ ಸಾಕು, ಸೋಸಲು ಟೀ ಜರಡಿ ಸಾಕು. ಪುರವಣಿಯ ಚಿತ್ರದಲ್ಲಿದ್ದ ತಾಮ್ರದ ಸೆಟ್ಟಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಆ ಹಣದಲ್ಲಿ ಒಳ್ಳೆಯ ವರ್ಮೂತ್ ಕೊಳ್ಳಿ.

ಆ ವರ್ಮೂತನ್ನು ಎಲ್ಲಿಡುತ್ತೀರಿ? ಬೆಂಗಳೂರಿನಲ್ಲಿ ನಾನು ಕಂಡ ಮನೆಗಳಲ್ಲಿ ಅದು ಶೋಕೇಸಿನಲ್ಲಿ, ವಿಸ್ಕಿ ಬಾಟಲಿಗಳ ಪಕ್ಕ, ವರ್ಷಗಟ್ಟಲೆ ನಿಂತಿರುತ್ತದೆ. ವರ್ಮೂತ್ ವೈನ್ ಜಾತಿಯದು. ದ್ರಾಕ್ಷಿ ವೈನಿಗೆ ಒಂದಿಷ್ಟು ಮದ್ಯಸಾರ, ಕಹಿ ಬೇರು, ತೊಗಟೆ, ಸೊಪ್ಪು ಸೇರಿಸಿದ್ದು. 1786ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಆಂತೋನಿಯೊ ಬೆನೆದೆತ್ತೊ ಕಾರ್ಪಾನೊ ಮಾರಲು ಶುರು ಮಾಡಿದ್ದು ಎಂದು ಪ್ರಸಿದ್ಧಿ. ಮುಚ್ಚಳ ತೆಗೆದ ಮೇಲೆ ಗಾಳಿ ತಾಗಿ ಅದು ಸಪ್ಪೆಯಾಗುತ್ತದೆ, ಹುಳಿಯಾಗುತ್ತದೆ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಇನ್ನೂ ಬೇಗ. ಫ್ರಿಜ್ಜಿನ ಬಾಗಿಲಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಬಾರಿನಲ್ಲಿ ನಾವು ಬಾಟಲಿಯ ಕುತ್ತಿಗೆಗೆ ಬ್ಯಾಂಡೇಜ್ ಟೇಪಿನ ತುಂಡು ಅಂಟಿಸಿ ತೆರೆದ ತಾರೀಖು ಬರೆಯುತ್ತಿದ್ದೆವು. ಮನೆಯಲ್ಲೂ ಹಾಗೆಯೇ ಮಾಡಿ. 375 ಮಿ.ಲೀ. ಬಾಟಲಿ ಸಿಕ್ಕರೆ ಅದನ್ನೇ ತನ್ನಿ.

ಬಿಟರ್ಸ್ ಸಿಗದಿದ್ದರೆ ದಾಲ್ಚಿನ್ನಿ ಪುಡಿ ಉದುರಿಸಿ ಎಂದು ನಿಮ್ಮ ಲೇಖಕರು ಹೇಳಿದ್ದಾರೆ. ಪುಡಿ ಕರಗುವುದಿಲ್ಲ, ಮೇಲೆ ತೇಲಿ ತುಟಿಗೆ ಅಂಟುತ್ತದೆ. 1824ರಲ್ಲಿ ವೆನೆಜುವೆಲಾದ ಅಂಗೋಸ್ತುರಾ ಪಟ್ಟಣದಲ್ಲಿ ಜರ್ಮನಿಯ ವೈದ್ಯ ಯೋಹಾನ್ ಸೀಗರ್ಟ್ ಹೊಟ್ಟೆಯ ತೊಂದರೆಗೆಂದು ತಯಾರಿಸಿದ ಕಹಿ ಔಷಧಿ ಇದು. ಈಗ ತಯಾರಾಗುವುದು ಟ್ರಿನಿಡಾಡ್‌ನಲ್ಲಿ. ಬಾಟಲಿಗಿಂತ ಎತ್ತರದ ಕಾಗದ ಸುತ್ತಿಕೊಂಡು ನಿಂತಿರುವ ಆ ಪುಟ್ಟ ಸೀಸೆ ಬೆಲೆಯಲ್ಲಿ ಹೆಚ್ಚು ಕಂಡರೂ ಮನೆಯಲ್ಲಿ ವರ್ಷಗಳ ಕಾಲ ಬರುತ್ತದೆ, ಕೆಡುವುದೂ ಇಲ್ಲ. ಅದು ಇಲ್ಲದ ದಿನ ಮ್ಯಾನ್ಹಟನ್ ಮಾಡಬೇಡಿ.

ಚೆರ್ರಿಯ ವಿಷಯಕ್ಕೆ ಬಂದರೆ, ನಮ್ಮ ಬೇಕರಿಗಳಲ್ಲಿ ಕೆಂಪಗೆ ಹೊಳೆಯುವ ಚೆರ್ರಿಗಳಲ್ಲಿ ಎಷ್ಟೋ ನಿಜವಾಗಿ ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣ ಹಾಕಿದ ಕವಳೆ ಹಣ್ಣು. ಕೇಕಿಗೆ ಸರಿ. ಇದರಲ್ಲಿ ಹಾಕಿದರೆ ಬಣ್ಣ ಬಿಟ್ಟು, ತಳದಲ್ಲಿ ಸಕ್ಕರೆ ಇಳಿಯುತ್ತದೆ. ಅದಕ್ಕಿಂತ ಕಿತ್ತಳೆ ಸಿಪ್ಪೆ ಎಷ್ಟೋ ಮೇಲು. ಕೊಡಗಿನ ಕಿತ್ತಳೆ ಸಿಗುವ ಕಾಲವಾದರೆ ಇನ್ನೂ ಒಳ್ಳೆಯದು. ಎರಡು ಬೆರಳಗಲದ ಸಿಪ್ಪೆಯ ಹೊರಮೈಯನ್ನು ಗ್ಲಾಸಿನ ಕಡೆಗೆ ತಿರುಗಿಸಿ ಚಿವುಟಿ; ಎಣ್ಣೆ ಸಣ್ಣ ಹನಿಗಳಾಗಿ ಚಿಮ್ಮಿ ಪಾನೀಯದ ಮೇಲೆ ಹರಡುವುದು ದೀಪದ ಬೆಳಕಿನಲ್ಲಿ ಕಾಣುತ್ತದೆ.

ನಿಮ್ಮ ಬರಹದ ಚೌಕಟ್ಟಿನಲ್ಲಿದ್ದ ಕಥೆಯೂ ತಪ್ಪು. 1874ರಲ್ಲಿ ನ್ಯೂಯಾರ್ಕಿನ ಮ್ಯಾನ್ಹಟನ್ ಕ್ಲಬ್ಬಿನಲ್ಲಿ, ಸ್ಯಾಮ್ಯುಯೆಲ್ ಟಿಲ್ಡನ್ ಗವರ್ನರ್ ಆಗಿ ಗೆದ್ದ ಔತಣಕ್ಕೆ, ವಿನ್‌ಸ್ಟನ್ ಚರ್ಚಿಲ್ ಅವರ ತಾಯಿ ಈ ಪಾನೀಯ ಮಾಡಿಸಿದರು ಎಂದು ಅಚ್ಚಾಗಿದೆ. ಟಿಲ್ಡನ್ ಗೆದ್ದದ್ದು ಆ ವರ್ಷದ ನವೆಂಬರಿನಲ್ಲಿ. ಆಕೆ ಚರ್ಚಿಲ್‌ಗೆ ಜನ್ಮ ಕೊಟ್ಟದ್ದು ಅದೇ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನಿಮ್ ಅರಮನೆಯಲ್ಲಿ. ತುಂಬು ಗರ್ಭಿಣಿ ನ್ಯೂಯಾರ್ಕಿನಲ್ಲಿ ಔತಣ ನಡೆಸಿರಲು ಸಾಧ್ಯವಿಲ್ಲ. ಚರ್ಚಿಲ್ ಹೆಸರು ಬೇಕೇ ಬೇಕಿದ್ದರೆ ನಮ್ಮ ಊರಲ್ಲೇ ನಿಜವಾದ ದಾಖಲೆ ಇದೆ: 1896ರಲ್ಲಿ ಸೈನ್ಯದ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ಆ ಯುವಕ ಉಳಿಸಿ ಹೋದ 13 ರೂಪಾಯಿ ಬಾಕಿ, ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿದೆ.

ಈ ನಡುವೆ, ಇಂಥ ಪಾಕವಿಧಾನವನ್ನು ಪತ್ರಿಕೆ ಪ್ರಕಟಿಸಲೇಬಾರದಿತ್ತು ಎಂದು ತುಮಕೂರಿನ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಕುಡಿತದಿಂದ ತಮ್ಮನನ್ನು ಕಳೆದುಕೊಂಡ ಅಕ್ಕ ಅವರು. ಅವರ ಪತ್ರವನ್ನು ಎರಡು ಸಲ ಓದಿದೆ. ಆ ಅಕ್ಕನ ನೋವಿನ ಮುಂದೆ ವಾದ ಹೂಡುವ ಆಸೆ ನನಗಿಲ್ಲ. ಕೌಂಟರಿನ ಈಚೆ ನಿಂತು ಅಂಥ ತಮ್ಮಂದಿರನ್ನು ನಾನೂ ಕಂಡಿದ್ದೇನೆ. ಇನ್ನು ಸಾಕು ಎಂದು ಹೇಳಿ ಬೈಸಿಕೊಂಡಿದ್ದೇನೆ, ಆಟೊ ಕರೆಸಿ ಕೂರಿಸಿ ಮನೆಯ ವಿಳಾಸ ಹೇಳಿ ಕಳಿಸಿದ್ದೇನೆ. ಕುಡಿಯದವರು ಇದನ್ನು ಓದಿ ಕುಡಿಯಲು ಶುರು ಮಾಡಲಿ ಎಂದು ನಾನು ಹೇಳುತ್ತಿಲ್ಲ. ಹೇಗೂ ಮನೆಯಲ್ಲಿ ಗ್ಲಾಸು ಹಿಡಿಯುವವರ ಕೈಗೆ ಅಳತೆಯಿಲ್ಲದ ಬರಹ ಸಿಕ್ಕರೆ ಆ ಅಕ್ಕನಂಥವರ ಭಯ ನಿಜವಾಗುತ್ತದೆ ಎಂಬುದೇ ನನ್ನ ಆತಂಕ.

ಬಡಿಸುವ ಕ್ರಮವೂ ಇದಕ್ಕೇ ಸೇರಿದ್ದು. ಮಗಳು, ಅಳಿಯ ಶನಿವಾರ ಬಂದಾಗ ರಾಜಾಜಿನಗರದ ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಒಬ್ಬರಿಗೆ ಒಂದೇ ಗ್ಲಾಸು. ಮೊದಲ ಸಲ ಆ ಚಿಕ್ಕ ಗ್ಲಾಸನ್ನು ನೋಡಿದ ಮಗಳು, "ಅಪ್ಪಾ, ಇಷ್ಟೇನಾ?" ಎಂದಳು. "ಮೊದಲು ಒಂದು ಗುಟುಕು ಕುಡಿದು ನೋಡಮ್ಮ" ಎಂದೆ. ಇಪ್ಪತ್ತು ನಿಮಿಷ ಅವಳ ಕೈಯಲ್ಲೇ ಇತ್ತು, ಇನ್ನೊಂದು ಕೇಳಲಿಲ್ಲ. ನನ್ನ ಮನೆಯವರು ಮುಟ್ಟುವುದಿಲ್ಲ. ಅವರಿಗೆ ಪುನರ್ಪುಳಿ ಶರಬತ್ತನ್ನು ಅಂಥದ್ದೇ ಗ್ಲಾಸಿನಲ್ಲಿ, ಅಷ್ಟೇ ತಣ್ಣಗೆ ಕೊಡುತ್ತೇನೆ. ಕುಡಿಯದವರನ್ನು ಪ್ಲಾಸ್ಟಿಕ್ ಲೋಟದ ಕೋಲಾ ಕೊಟ್ಟು ಪಕ್ಕಕ್ಕೆ ಕೂರಿಸುವ ಮನೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೊತೆಗೆ ನಂಚಿಕೊಳ್ಳಲು ಕಾಂಗ್ರೆಸ್ ಕಡಲೆಬೀಜಕ್ಕೆ ಸಮನಾದದ್ದು ಇಲ್ಲ. ಅಯ್ಯಂಗಾರ್ ಬೇಕರಿಯದೂ ಆದೀತು, ನಮ್ಮಲ್ಲಿ ಮನೆಯಲ್ಲೇ ಹುರಿಯುತ್ತಾರೆ: ಸಿಪ್ಪೆ ತೆಗೆದು ಬೇಳೆ ಮಾಡಿದ ಕಡಲೆಬೀಜ, ಕುಟ್ಟಿದ ಕಾಳುಮೆಣಸು, ಇಂಗು, ಅರಿಶಿನ, ಗರಿಗರಿ ಕರಿಬೇವು. ರೈಯ ಚುರುಕಿಗೆ ಆ ಮೆಣಸು ಕೈ ಜೋಡಿಸುತ್ತದೆ. ಗೋಬಿ ಮಂಚೂರಿಯ ಕೆಂಪು ಖಾರ ಬಾಯಿಯನ್ನು ಮರಗಟ್ಟಿಸುತ್ತದೆ, ಬೇಡ. ಪ್ರತಿ ಗ್ಲಾಸಿನ ಪಕ್ಕ ಒಂದು ದೊಡ್ಡ ಲೋಟ ನೀರು ಇರಲೇಬೇಕು.

ಕರೆದವರು ಹೇಗೆ ಮನೆ ಸೇರುತ್ತಾರೆ ಎಂಬುದನ್ನು ಐಸ್ ತೆಗೆಯುವ ಮೊದಲೇ ಕೇಳಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಗಡಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್. ಮೇಲಿನ 60–30ರ ಒಂದು ಗ್ಲಾಸೇ ಹೆಚ್ಚಿನವರನ್ನು ಅದರಾಚೆ ದಾಟಿಸಬಲ್ಲದು. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬೈಕಿನಲ್ಲಿ ಬಂದವರ ಕೀಲಿಯನ್ನು ನಮ್ಮ ಮನೆಯಲ್ಲಿ ದೇವರ ಕೋಣೆಯ ಗೂಟಕ್ಕೆ ನೇತು ಹಾಕುತ್ತೇವೆ, ಬೆಳಿಗ್ಗೆ ಕಾಫಿ ಕುಡಿದು ತೆಗೆದುಕೊಳ್ಳುತ್ತಾರೆ.

ನನ್ನ ಕೋರಿಕೆ ಎರಡು. ಮುಂದಿನ ಭಾನುವಾರ ಅದೇ ಪುರವಣಿಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಪೆಗ್, ಸ್ವಲ್ಪ, ತಕ್ಕಷ್ಟು ಎಂಬುದನ್ನೆಲ್ಲ ತೆಗೆದು ಮಿ.ಲೀ. ಲೆಕ್ಕ ಕೊಡಿ, ಒಂದು ಗ್ಲಾಸಿನಲ್ಲಿ ಎಷ್ಟು ಆಲ್ಕೋಹಾಲ್ ಸೇರಿದೆ ಎಂಬುದನ್ನೂ ಪಕ್ಕದಲ್ಲೇ ಅಚ್ಚು ಮಾಡಿ. ಇನ್ನು ಮುಂದೆ ಯಾವುದೇ ಮದ್ಯದ ಪಾಕವಿಧಾನ ಅಚ್ಚಿಗೆ ಹೋಗುವ ಮೊದಲು ಈ ಕೆಲಸದಲ್ಲಿ ಪಳಗಿದ ಒಬ್ಬರಿಗೆ ತೋರಿಸಿ. ಬೇರೆ ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ಹಣ ಬೇಡ.

— ನಿವೃತ್ತ ಬಾರ್ ಕೆಲಸಗಾರ, ರಾಜಾಜಿನಗರ, ಬೆಂಗಳೂರು